ಏಳನೇ ಕೋಣೆಯ ಹೆಂಡತಿ

ಎಂಟನೆಯ ಸಲ ಗಂಡ ಸತ್ತಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಸುದ್ದಿ ತಂದವನಿಗೆ ಇಪ್ಪತ್ನಾಲ್ಕು ದಾಟಿರಲಿಕ್ಕಿಲ್ಲ. ಬಿಳಿ ಕೋಟಿನ ತೋಳಿನ ಮೇಲೆ ಇಸ್ತ್ರಿಯ ಗೆರೆ ಇನ್ನೂ ಚಾಕುವಿನಂತೆ ನಿಂತಿತ್ತು. "ಒಂದು ತುಂಬಾ ಕೆಟ್ಟ ಸುದ್ದಿ ಹೇಳಬೇಕಾಗಿದೆ," ಎಂದ. ತುಟಿ ಅಲ್ಲಾಡಿಸದೆ ಮೂರು ಎಣಿಸಿದ. "ನಿಮ್ಮ ಯಜಮಾನರು ತೀರಿಕೊಂಡರು."

ಅವಳು ಅವನ ಮುಖ ನೋಡಿದಳು. "ಇಲ್ಲ, ಬೆಳಿಗ್ಗೆ ತಾನೇ ಮಾತಾಡಿದ್ರು," ಎಂದಳು. ಎಡಗೈ ಬಾಯಿಗೆ ಹೋಯಿತು. ತೊಡೆಯ ಮೇಲಿದ್ದ ಕಂದು ಬಣ್ಣದ ಕೈಚೀಲವನ್ನು ಬಲಗೈ ಬಿಗಿಯಾಗಿ ಹಿಡಿಯಿತು. ನಲವತ್ತನೆಯ ಸೆಕೆಂಡಿಗೆ ಕಣ್ಣು ತುಂಬಿ, ನಲವತ್ತೈದಕ್ಕೆ ಒಂದು ಹನಿ ಕೆನ್ನೆಗಿಳಿಯಿತು. ಹುಡುಗ, "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ," ಎಂದ. ಆ ಮಾತು ಬಂದರೆ ಅಳುವನ್ನು ಅರ್ಧಕ್ಕೆ ಇಳಿಸಬೇಕು. ಇಳಿಸಿದಳು. ಮೂಲೆಯಲ್ಲಿ ಕೂತಿದ್ದ ಪರೀಕ್ಷಕರು ತಲೆ ಎತ್ತದೆ ಗುರುತು ಹಾಕಿಕೊಂಡರು. ಗಂಟೆ ಹೊಡೆಯಿತು. ಹುಡುಗ ತಟ್ಟನೆ ಎದ್ದು, ಈಗಷ್ಟೇ ವಿಧವೆಯಾದವಳಿಗೆ "ಥ್ಯಾಂಕ್ಯೂ ಮೇಡಂ" ಹೇಳಿ ಪಕ್ಕದ ಕೋಣೆಗೆ ಓಡಿದ.

ಅದು ವೈದ್ಯಕೀಯ ಕಾಲೇಜಿನ ಕೊನೆಯ ಪರೀಕ್ಷೆ. ಉದ್ದನೆಯ ಕಾರಿಡಾರು, ಅದರ ಎರಡೂ ಬದಿ ಹತ್ತು ಕೋಣೆ, ಕೋಣೆಗೊಬ್ಬ ಬಾಡಿಗೆಯ ರೋಗಿ. ಎಂಟು ನಿಮಿಷಕ್ಕೊಮ್ಮೆ ಗಂಟೆ. ಗಂಟೆಯಾದ ಮೇಲೆ ಎರಡು ನಿಮಿಷ ಅಂಕ ತುಂಬಲು, ಆಮೇಲೆ ಮುಂದಿನ ವಿದ್ಯಾರ್ಥಿ. ಏಳನೇ ಕೋಣೆಯಲ್ಲಿ ಸಾವಿನ ಸುದ್ದಿ ಹೇಳುವುದನ್ನು ಪರೀಕ್ಷಿಸುತ್ತಿದ್ದರು. ನಾಲ್ಕು ವರ್ಷದಿಂದ ಆ ಕೋಣೆಯ ಹೆಂಡತಿ ಅವಳೇ. ಹುಡುಗರು ಬೆನ್ನ ಹಿಂದೆ ಅವಳನ್ನು ಕಣ್ಣೀರಮ್ಮ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಬೇಜಾರಿರಲಿಲ್ಲ.

ಕೆಲಸದ ಕಷ್ಟ ಇದ್ದದ್ದು ಅಳುವುದರಲ್ಲಲ್ಲ, ಒಂದೇ ಅಳತೆಯಲ್ಲಿ ಅಳುವುದರಲ್ಲಿ. ಮೊದಲನೆಯವನಿಗೆ ಜಾಸ್ತಿ ಅತ್ತು ಹದಿನಾಲ್ಕನೆಯವಳಿಗೆ ಕಡಿಮೆ ಅತ್ತರೆ ಅದು ಅನ್ಯಾಯ. ವಿದ್ಯಾರ್ಥಿಗಳು ಕೋರ್ಟಿಗೆ ಹೋಗಬಹುದು. ಇದಕ್ಕೆ ಏಕರೂಪತೆ ಎಂದು ಹೆಸರು. ಪರೀಕ್ಷೆ ನಡೆಸುವ ಸಂಯೋಜಕಿ ಮೇಡಂ ಬಾಯಲ್ಲಿ ಆ ಪದ ಗಂಟೆಗೆ ನಾಲ್ಕು ಸಲ ಬರುತ್ತಿತ್ತು. ಮೇಡಂ ವರ್ಷಕ್ಕೊಮ್ಮೆ ಕೆಲಸದ ಒತ್ತಡ ನಿಭಾಯಿಸುವ ಶಿಬಿರವನ್ನೂ ಮಾಡಿಸುತ್ತಿದ್ದರು. ಮೂಗಿನ ಒಂದು ಹೊಳ್ಳೆ ಮುಚ್ಚಿ ಉಸಿರಾಡುವುದು, ಮತ್ತೆ ಆಳಿಗೊಂದು ನಗುಮುಖದ ಹಳದಿ ಸ್ಪಂಜಿನ ಚೆಂಡು. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು, "ಕೆಲಸದಲ್ಲೂ ನಾನು ನಾನಾಗಿರುತ್ತೇನೆ," ಎಂದು ಮೂರು ಸಲ ಹೇಳಬೇಕು.

ಮೂರನೇ ಕೋಣೆಯಲ್ಲಿ ಹೃದಯಾಘಾತ ಮಾಡುವ ಆಸಾಮಿ ಆ ಚೆಂಡನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡು ಓಡಾಡಿದ್ದ. ಹಳೆಯ ನಾಟಕದವನು. ಅವನನ್ನು ಎಲ್ಲರೂ ಎದೆನೋವು ಎಂದೇ ಕರೆಯುತ್ತಿದ್ದರು. ಇವತ್ತು ಬೆಳಿಗ್ಗೆ ಚಹಾದ ಮುಂದೆ ಅವಳ ಕಣ್ಣು ನೋಡಿ, "ಏನ್ ತಾಯಿ, ಟೊಮೆಟೊ ಆಗಿದೆಯಲ್ಲ. ರಾತ್ರಿಯೆಲ್ಲ ರಿಹರ್ಸಲ್ಲಾ?" ಎಂದಿದ್ದ.

"ಕಣ್ಣಿನ ಡಾಕ್ಟ್ರು ಅಳ್ಬೇಡಿ ಅಂತಾರಪ್ಪ. ನೀರಿನ ಗ್ರಂಥಿ ಬತ್ತಿದೆಯಂತೆ. ಒಂದೊಂದು ಹನೀನೂ ಮರಳು ಬಂದ ಹಾಗೆ ಬರುತ್ತೆ."

"ಇವತ್ತು ಕೊನೆ ಬಿಡು. ಸಂಜೆ ಹೊತ್ತಿಗೆ ನೀನು ಟ್ರೇನರಮ್ಮ. ಆಮೇಲೆ ಹೊಸ ಹುಡುಗೀರು ಅಳ್ತಾರೆ, ನೀನು ಕಾಲ್ ಮೇಲೆ ಕಾಲ್ ಹಾಕ್ಕೊಂಡು 'ಸಾಲ್ದು, ಇನ್ನೊಂಚೂರು' ಅಂತ ಹೇಳ್ತೀಯ."

"ಬಾಯಿ ಮುಚ್ಚು, ದೃಷ್ಟಿ ಆಗುತ್ತೆ."

ತರಬೇತುದಾರಳ ಜಾಗ ಒಂದೇ ಇತ್ತು. ಅದು ಸಿಕ್ಕರೆ ಇನ್ನು ಅಳಬೇಕಾಗಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಮಧ್ಯಾಹ್ನ ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು ಬೀಳದೇ ಇರುವುದು. ಇವತ್ತಿನ ಹದಿನಾಲ್ಕು ಅಳುವೂ ಒಂದೇ ತೂಕಕ್ಕೆ ಬಂದರೆ ಜಾಗ ಅವಳದೇ ಎಂದು ಮೇಡಂ ಹೇಳಿದ್ದರು.

ಆ ಅಳು ಅವಳಿಗೆ ಎಲ್ಲಿಂದ ಬಂತು ಎನ್ನುವುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಒಂಬತ್ತು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ಡಾಕ್ಟರು ಫೈಲಿನಿಂದ ಕಣ್ಣೆತ್ತದೆ, "ಬಾಡಿ ತಗೊಂಡ್ಹೋಗೋಕೆ ಗಾಡಿ ಇದೆಯಾ?" ಎಂದು ಕೇಳಿದ್ದರು. ಗಂಡ ಸತ್ತಿದ್ದು ಅವಳಿಗೆ ತಿಳಿದದ್ದೇ ಆ ಪ್ರಶ್ನೆಯಿಂದ. ಗಂಡನಿಗೆಂದು ತಂದ ಬಿಸಿನೀರಿನ ಫ್ಲಾಸ್ಕು ಕೈಯಲ್ಲಿತ್ತು. ಕೆಲಸದ ಸಂದರ್ಶನದಲ್ಲಿ ಅವಳು ಇದನ್ನು ಹೇಳಿದಾಗ, ಹೇಳುತ್ತ ಎಡಗೈಯನ್ನು ಬಾಯಿಗಿಟ್ಟಾಗ, ಮೇಡಂ ಪೆನ್ನು ಕೆಳಗಿಟ್ಟು, "ಇದೇ. ಇದೇ ನಮಗೆ ಬೇಕಾಗಿರೋದು," ಎಂದಿದ್ದರು. ಮೊದಲ ವರ್ಷ ಅವಳು ಪ್ರತಿಸಲವೂ ಆ ಕಾರಿಡಾರಿಗೆ ಹೋಗಿ ಬರುತ್ತಿದ್ದಳು. ಎರಡನೆಯ ವರ್ಷ ಅರ್ಧ ದಾರಿಗೇ ಕಣ್ಣೀರು ಬಂದುಬಿಡುತ್ತಿತ್ತು. ಈಗ ಹೋಗಬೇಕಾಗಿಯೇ ಇರಲಿಲ್ಲ. ಉಸಿರು ಹಿಡಿದು ನಾಲಿಗೆಯನ್ನು ಅಂಗುಳಕ್ಕೆ ಒತ್ತಿದರೆ ಸಾಕು. ಒಮ್ಮೆ ಸುಮ್ಮನೆ, ಬಸ್ಸಿನಲ್ಲಿ ಕೂತು, ಗಂಡನನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಕಂಡದ್ದು ಏಳನೇ ಕೋಣೆಯ ಕುರ್ಚಿ.

ಹೋದ ವರ್ಷ ಮಗಳಿಗೆ ಮೂರು ತಿಂಗಳ ಬಸಿರು ನಿಲ್ಲದೇ ಹೋದಾಗ ಇವಳು ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಿದ್ದಳು. ಮಗಳು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಅಮ್ಮಾ, ಕೈ ಬಾಯಿ ಮೇಲಿಂದ ತೆಗಿ. ಅದನ್ನ ಆಫೀಸಿಗಿಟ್ಕೋ," ಎಂದಿದ್ದಳು. ಅಂದಿನಿಂದ ಮಗಳ ಮನೆಗೆ ಹೋದಾಗ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಒಂಬತ್ತನೆಯ ವಿದ್ಯಾರ್ಥಿನಿ ಒಳಗೆ ಬಂದಳು.

ವಿದ್ಯಾರ್ಥಿನಿ ಎನ್ನುವ ವಯಸ್ಸು ಅವಳದಲ್ಲ. ಮೂವತ್ತೈದು ದಾಟಿತ್ತು. ದಪ್ಪ ಮೈ, ಗಿಡ್ಡ ಕೂದಲು, ಭುಜದಲ್ಲಿ ಬಿಗಿಯಾದ ಕೋಟು. ಬಾಗಿಲು ಮುಚ್ಚಿದಳು. ತನ್ನ ಹೆಸರು ಹೇಳಲಿಲ್ಲ. ಅಲ್ಲಿಗೆ ಒಂದು ಅಂಕ ಹೋಯಿತು. "ನಿಮಗೆ ಈವರೆಗೆ ಏನು ಗೊತ್ತಿದೆ?" ಎಂದು ಕೇಳಲಿಲ್ಲ. ಎರಡು ಅಂಕ. ಕುರ್ಚಿಯನ್ನು ಎದುರಿನಿಂದ ಎತ್ತಿ, ಸದ್ದಾಗದಂತೆ ತಂದು, ಪಕ್ಕಕ್ಕೆ ಹಾಕಿಕೊಂಡು ಕೂತಳು. ಪರೀಕ್ಷಕರ ಪೆನ್ನು ಗೀಚುವ ಸದ್ದು ಕೇಳಿಸಿತು.

"ಅಕ್ಕಾ," ಎಂದಳು. "ಅವ್ರು ಹೋಗ್ಬಿಟ್ರು ಅಕ್ಕಾ."

"ಇಲ್ಲ, ಬೆಳಿಗ್ಗೆ ತಾನೇ ಮಾತಾಡಿದ್ರು."

"ಹೂಂ."

ಅಷ್ಟೇ. ಸಂಕಟ ಅರ್ಥವಾಗುತ್ತದೆ ಎನ್ನಲಿಲ್ಲ. ಇವಳ ಎಡಗೈ ಬಾಯಿಗೆ ಹೋಯಿತು, ನಾಲಿಗೆ ಅಂಗುಳಕ್ಕೆ ಒತ್ತಿತು. ಆಗ ಆ ಹೆಂಗಸು ಬಾಗಿ, ಚೀಲದ ಹಿಡಿಯ ಮೇಲೆ ಬಿಗಿದಿದ್ದ ಇವಳ ಬಲಗೈಯನ್ನು ನೋಡಿದಳು. ಅದರ ಬೆರಳುಗಳನ್ನು ಒಂದೊಂದಾಗಿ, ಕಿರುಬೆರಳಿನಿಂದ ಶುರುಮಾಡಿ, ಬಿಡಿಸಿದಳು.

"ಇದನ್ನ ನಾನು ಹಿಡ್ಕೊಂಡಿರ್ತೀನಿ," ಎಂದಳು. "ನಿಮಗೀಗ ಎರಡೂ ಕೈ ಬೇಕು."

ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಒಂಬತ್ತು ವರ್ಷದ ಹಿಂದೆ ಆ ಕಾರಿಡಾರಿನಲ್ಲಿ ಎಷ್ಟು ಜನ ಓಡಾಡಿದ್ದರು. ಸಹಿ ಹಾಕಿ ಎಂದರು, ಅಲ್ಲಿ ನಿಲ್ಲಬೇಡಿ ಎಂದರು. ಸಹಿ ಹಾಕುವಾಗ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಗಂಡನ ಮುಖದ ಬಟ್ಟೆ ಸರಿಸಿದಾಗಲೂ ಒಂದು ಕೈಯಲ್ಲಿ ಫ್ಲಾಸ್ಕಿತ್ತು. ಅವನನ್ನು ಎರಡು ಕೈಯಿಂದ ಮುಟ್ಟಲಾಗಲಿಲ್ಲ. ಅದನ್ನು ಯಾರ ಕೈಗಾದರೂ ಕೊಡಬಹುದಿತ್ತು ಎಂದು ಅವಳಿಗೂ ಹೊಳೆಯಲಿಲ್ಲ, ಕೊಡಿ ಎಂದು ಯಾರೂ ಕೈ ಚಾಚಲಿಲ್ಲ. ಇದನ್ನು ಅವಳು ಸಂದರ್ಶನದಲ್ಲಿ ಹೇಳಿರಲಿಲ್ಲ. ತನಗೇ ಹೇಳಿಕೊಂಡಿರಲಿಲ್ಲ.

ಅವಳ ಗಂಟಲಿನಿಂದ ಒಂದು ಸದ್ದು ಬಂತು. ಕುರ್ಚಿ ಎಳೆದ ಹಾಗಿತ್ತು. ಆಮೇಲೆ ಬಂದದ್ದಕ್ಕೆ ಸೆಕೆಂಡಿನ ಲೆಕ್ಕ ಇರಲಿಲ್ಲ. ಮೂಗು ಸೋರಿತು, ಬಾಯಿ ತೆರೆದೇ ಉಳಿಯಿತು, ಮೈ ಕುರ್ಚಿಯಿಂದ ಜಾರಿ ಮೊಣಕಾಲು ನೆಲಕ್ಕೆ ತಾಗಿತು. "ಫ್ಲಾಸ್ಕು," ಎಂದಳು. "ಫ್ಲಾಸ್ಕು ತಗೊಳ್ರೀ ಯಾರಾದ್ರೂ." ಆ ಹೆಂಗಸು ಏನೂ ಕೇಳದೆ ನೆಲದ ಮೇಲೇ ಅವಳ ಪಕ್ಕ ಕೂತಳು. ಗಂಟೆ ಹೊಡೆದರೂ ಏಳಲಿಲ್ಲ. ಪರೀಕ್ಷಕರು ಮೇಜು ಕುಟ್ಟಿ, "ಒಂಬತ್ತು, ನೀವು ಹೊರಡಿ," ಎಂದು ಎರಡು ಸಲ ಹೇಳಬೇಕಾಯಿತು.

ಹತ್ತನೆಯವನು ನಾಲ್ಕು ನಿಮಿಷ ಹೊರಗೆ ಕಾದ. ಅಷ್ಟರಲ್ಲಿ ಅವಳು ಮುಖ ತೊಳೆದು, ಅಂಕದ ಹಾಳೆ ತೆಗೆದುಕೊಂಡಳು. ಕೆಳಗಡೆ ರೋಗಿಯ ಕಡೆಯವರೇ ತುಂಬಬೇಕಾದ ಒಂದು ಸಾಲಿತ್ತು: ಈ ವೈದ್ಯರ ಬಳಿ ಮತ್ತೆ ಹೋಗುತ್ತೀರಾ? ಒಂದರಿಂದ ಐದು. ನಾಲ್ಕು ವರ್ಷದಲ್ಲಿ ಅವಳು ಯಾರಿಗೂ ನಾಲ್ಕು ದಾಟಿಸಿರಲಿಲ್ಲ. ಐದಕ್ಕೆ ಸುತ್ತು ಹಾಕಿದಳು. ಆಮೇಲೆ ಉಳಿದ ಐವರಿಗೆ ಐದು ಸಲ, ನಲವತ್ತನೆಯ ಸೆಕೆಂಡಿಗೆ, ಸರಿಯಾಗಿ ಅತ್ತಳು.

ಮಧ್ಯಾಹ್ನ ಒಂದಕ್ಕೆ ಮೇಡಂ ಕೋಣೆಗೆ ಕರೆ ಬಂತು. ಪರೀಕ್ಷಕರು ಬನ್ನು ತಿನ್ನುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಏಳನೇ ಕೋಣೆಯ ಕ್ಯಾಮೆರಾದ ದೃಶ್ಯ ನಿಂತಿತ್ತು. ನೆಲದ ಮೇಲೆ ಇಬ್ಬರು ಹೆಂಗಸರು, ಮೇಲಿನಿಂದ ಕಂಡಂತೆ, ಎರಡು ತಲೆ.

"ಕೂತ್ಕೊಳ್ಳಿ," ಎಂದರು ಮೇಡಂ. ದನಿ ಮೆತ್ತಗಿತ್ತು. "ನೀರು ಕುಡೀತೀರಾ? ಗಾಬರಿ ಆಗ್ಬೇಡಿ. ಸಾರ್ ಈಕೆಗೆ ಇಪ್ಪತ್ತಕ್ಕೆ ಆರು ಕೊಟ್ಟಿದ್ದಾರೆ. ನೀವು ಐದಕ್ಕೆ ಐದು. ಇಷ್ಟು ವ್ಯತ್ಯಾಸ ಬಂದ್ರೆ ನಾನು ಕಾರಣ ಬರೆಸ್ಕೋಬೇಕು, ಅಷ್ಟೇ."

"ಹೋಗ್ಬಿಟ್ರು ಅಂತಾಳಲ್ಲ," ಪರೀಕ್ಷಕರು ನಕ್ಕರು. "ಎಲ್ಲಿಗೆ ಅಂತ ಕೇಳ್ಬೇಕಿತ್ತು ನೀವು. ತರಕಾರಿ ತರೋಕಾ? ಸತ್ತರು ಅಂತ ನೇರವಾಗಿ ಹೇಳ್ಬೇಕು ಅಂತ ಮೂರು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೀವಿ."

"ಹನ್ನೊಂದು ವರ್ಷ ನರ್ಸ್ ಆಗಿದ್ದವಳು ಸಾರ್," ಎಂದರು ಮೇಡಂ. "ವಾರ್ಡಿನ ಅಭ್ಯಾಸ ಹೋಗೋದು ಕಷ್ಟ. ಸಾಲದ್ದಕ್ಕೆ ಮೂರನೇ ಸಲ ಕೂತಿರೋದು. ಇದು ಹೋದ್ರೆ ಮತ್ತೆ ಅವಕಾಶ ಇಲ್ಲ." ಅವರು ಒಂದು ಹಾಳೆಯನ್ನು ಮೇಜಿನ ಮೇಲೆ ಇವಳ ಕಡೆಗೆ ತಿರುಗಿಸಿದರು. "ನೋಡಿ. ಇದಕ್ಕೆ ಕಾರಣ ಎರಡೇ ಇರೋಕೆ ಸಾಧ್ಯ. ಒಂದು, ನಿಮ್ಮ ವೈಯಕ್ತಿಕ ನೆನಪಿಂದ ನೀವು ಹಿಡಿತ ತಪ್ಪಿದ್ರಿ. ಹಾಗಾದ್ರೆ ತಪ್ಪು ನಮ್ಮ ಕಡೇದು. ಆಕೆಗೆ ನಾಳೆ ಬೇರೆ ಕೋಣೇಲಿ ಇನ್ನೊಂದು ಅವಕಾಶ ಕೊಡ್ತೀವಿ. ಆದ್ರೆ ಹಿಡಿತ ತಪ್ಪೋರನ್ನ ನಾನು ಟ್ರೇನರ್ ಮಾಡೋಕಾಗಲ್ಲ, ಈ ಕೋಣೇಲೂ ಇಟ್ಕೊಳ್ಳೋಕಾಗಲ್ಲ. ನಿಮಗೂ ಅರ್ಥ ಆಗುತ್ತೆ."

"ಎರಡನೇದು?"

"ಆಕೆ ಅನುಮತಿ ಇಲ್ದೆ ನಿಮ್ಮ ಮೈ ಮುಟ್ಟಿ, ವಸ್ತು ಕಿತ್ಕೊಂಡಳು. ನಿಜವಾದ ಹೆಂಡ್ತಿ ಆಗಿದ್ರೆ ಹೀಗೇ ಕುಸೀತಿದ್ಲು. ಅಂದ್ರೆ ನೀವು ಪಾತ್ರದೊಳಗೇ ಇದ್ರಿ. ಏಕರೂಪತೆಗೆ ಧಕ್ಕೆ ಇಲ್ಲ. ಐದು ಅಂತ ಸುತ್ತು ಹಾಕಿದ್ದು ಮಾತ್ರ ಕೈತಪ್ಪು."

"ಕಿತ್ಕೊಳ್ಳಲಿಲ್ಲ," ಎಂದಳು ಅವಳು.

"ಹಾಗಿದ್ರೆ ಮೊದಲನೇದಾ?"

ಪರೀಕ್ಷಕರು ಬನ್ನಿನ ಪುಡಿಯನ್ನು ಅಂಗೈಯಿಂದ ಮೇಜಿನ ಕೆಳಗೆ ಗುಡಿಸಿದರು. ಇವಳ ಕಣ್ಣು ಉರಿಯುತ್ತಿತ್ತು. ಬೆಳಿಗ್ಗೆಯಿಂದ ಹದಿಮೂರು ಸಲ, ಮಧ್ಯೆ ಆ ಒಂದು ಸಲ ಬೇರೆ. ರೆಪ್ಪೆ ಮುಚ್ಚಿದರೂ ಮರಳು, ತೆರೆದರೂ ಮರಳು. ನಾಳೆ ಮತ್ತೆ ಹದಿನಾಲ್ಕು ಜನ ಇದ್ದರು, ಅವರಿಗೆ ಅಳುವುದು ಬೇರೆ ಯಾರಾದರೂ ಆಗಬಹುದು. ನಾಡಿದ್ದು ಮತ್ತೆ. ಅಥವಾ ಇವಳಿಗೆ ಇನ್ನೆಂದೂ ಯಾರೂ ಇಲ್ಲ, ಮನೆ, ಮಗಳ ಗೋಡೆಯ ಕಡೆಯ ಮುಖ.

"ಒತ್ತಾಯ ಇಲ್ಲ," ಎಂದರು ಮೇಡಂ. "ನೀವು ನೀವಾಗಿರಿ. ಪ್ರಾಮಾಣಿಕವಾಗಿ ಏನನ್ಸುತ್ತೋ ಅದನ್ನ ಬರೀರಿ."

ಅವಳು ಪೆನ್ನು ತೆಗೆದುಕೊಂಡಳು. ಅಕ್ಷರಗಳು ಕಣ್ಣಿನ ನೀರಿನಲ್ಲಿ ಈಜುತ್ತಿದ್ದವು. ಅಳುವಲ್ಲ, ಬರೀ ಉರಿಯ ನೀರು. 'ವಿದ್ಯಾರ್ಥಿನಿ ಅನುಮತಿ ಕೇಳದೆ ನನ್ನ ಕೈಯಲ್ಲಿದ್ದ ಚೀಲವನ್ನು,' ಎಂದು ಬರೆದು ನಿಂತಳು. 'ತೆಗೆದುಕೊಂಡರು' ಎಂದು ಬರೆಯಲು ಹೊರಟಿದ್ದಳು.

"ಕಿತ್ತುಕೊಂಡರು," ಎಂದರು ಪರೀಕ್ಷಕರು, ಮೇಲಿನಿಂದ ನೋಡುತ್ತ. "ಎಳೀಬೇಡಿ ಇನ್ನು. ಮುಗ್ಸಿ, ಊಟದ ಹೊತ್ತು."

ಕಿತ್ತುಕೊಂಡರು ಎಂದು ಬರೆದಳು. 'ಇದರಿಂದ ನನಗೆ ಭಯವಾಯಿತು,' ಎಂದು ಯಾರೂ ಹೇಳಿಕೊಡದೆ ಸೇರಿಸಿದಳು. ಐದನ್ನು ಹೊಡೆದುಹಾಕಿ ಒಂದಕ್ಕೆ ಸುತ್ತು ಹಾಕಿದಳು. ಸಹಿ ಮಾಡಿದಳು.

"ಗುಡ್," ಎಂದರು ಮೇಡಂ. ಹಾಳೆಯನ್ನು ಫೈಲಿಗೆ ಸೇರಿಸಿದ ಮೇಲೆ ಅವರ ಮುಖ ಬೆಳಗಿತು. "ಇನ್ನೊಂದು ಮಾತು. ಆ ಫ್ಲಾಸ್ಕಿನದು, ಅದು ನಮ್ಮ ಸ್ಕ್ರಿಪ್ಟಲ್ಲಿ ಇರ್ಲಿಲ್ವಲ್ಲ? ವಿಡಿಯೋ ನೋಡಿ ನನಗೆ ಮೈ ಜುಮ್ ಅಂತು. ಮುಂದಿನ ವರ್ಷದಿಂದ ಸೇರಿಸೋಣ. ಚೀಲದ ಬದಲು ಫ್ಲಾಸ್ಕೇ ಕೊಡೋಣ. ಮೂರನೇ ನಿಮಿಷಕ್ಕೆ 'ಫ್ಲಾಸ್ಕು ತಗೊಳ್ರೀ ಯಾರಾದ್ರೂ.' ಹೊಸಬರಿಗೆ ನೀವೇ ಹೇಳ್ಕೊಡಿ. ಅದೊಂದು ಸದ್ದು ಮಾಡಿದ್ರಲ್ಲ ಗಂಟಲಲ್ಲಿ, ಅದನ್ನೂ."

"ಅದು ಬರುತ್ತೋ ಇಲ್ವೋ."

"ಅಭ್ಯಾಸ ಮಾಡಿದ್ರೆ ಬರುತ್ತೆ. ನಿಮಗೆ ಬಂದಿದೆಯಲ್ಲ."

ಹೊರಗೆ ಎದೆನೋವು ಗೋಡೆಗೊರಗಿ ಕಾಯುತ್ತಿದ್ದ. ಅವಳ ಮುಖ ನೋಡಿ, ಹುಬ್ಬು ಹಾರಿಸಿ, "ಗೆದ್ಯಾ ತಾಯಿ?" ಎಂದ.

"ಹೂಂ."

"ಅಳೋದು ತಪ್ತು."

"ತಪ್ತು."

"ಮತ್ಯಾಕೆ ಹೆಣ ನೋಡ್ದಂಗೆ ಬಂದೆ? ನಗೋದನ್ನೂ ಸ್ಕ್ರಿಪ್ಟಲ್ಲಿ ಬರೆದುಕೊಡ್ಬೇಕಾ?" ತನ್ನ ಜೋಕಿಗೆ ತಾನೇ ನಕ್ಕು, ಕೆಮ್ಮಿ, ಊಟಕ್ಕೆ ಹೋದ.

ನಾಲ್ಕು ಗಂಟೆಗೆ ಆ ದಿನದ ಫಲಿತಾಂಶ ಅಂಟಿಸಿದರು. ಫೇಲಾದವರಿಗೆ ಏನು ತಪ್ಪಾಯಿತೆಂದು ತಿಳಿದುಕೊಳ್ಳುವ ಹಕ್ಕಿತ್ತು, ತಿಳಿಸುವುದು ತರಬೇತುದಾರರ ಕೆಲಸ. ಮೇಡಂ ಅವಳ ಕೈಗೆ ಒಂದೇ ಒಂದು ಅಂಕದ ಹಾಳೆ ಕೊಟ್ಟು, "ನಿಮ್ಮ ಮೊದಲ ಕೆಲಸ. ಗೊತ್ತಲ್ಲ? ಮೊದಲು ಒಳ್ಳೇದು, ಮಧ್ಯೆ ಕೊರತೆ, ಕೊನೆಗೆ ಮತ್ತೆ ಒಳ್ಳೇದು," ಎಂದರು.

ಒಂಬತ್ತನೆಯ ಹೆಂಗಸು ಮೆಟ್ಟಿಲ ಕೊನೆಯ ಕಿಟಕಿಯ ಹತ್ತಿರ ನಿಂತಿದ್ದಳು. ಕೋಟು ಬಿಚ್ಚಿ ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ಅತ್ತಿರಲಿಲ್ಲ. ಇವಳನ್ನು ಕಂಡು ಗುರುತಿನ ನಗೆ ನಕ್ಕಳು.

"ಅಕ್ಕಾ," ಎಂದು, ನಾಲಿಗೆ ಕಚ್ಚಿಕೊಂಡು, "ಮೇಡಂ," ಎಂದಳು. "ನೀವು ಅತ್ತಿದ್ದು ನೋಡಿ ನಾನು ಪಾಸಾದೆ ಅಂದ್ಕೊಂಡಿದ್ದೆ."

"ಅದು ನನ್ನ ಕೆಲಸ."

"ಹೌದಲ್ವಾ." ಅವಳು ತಲೆಯಾಡಿಸಿದಳು. "ಎಷ್ಟು ಚೆನ್ನಾಗಿ ಮಾಡ್ತೀರಿ. ನನಗೆ ಒಂಚೂರೂ ಗೊತ್ತಾಗ್ಲಿಲ್ಲ. ಹನ್ನೊಂದು ವರ್ಷ ವಾರ್ಡಲ್ಲಿ ನೋಡಿದ್ದೀನಿ ನಾನು, ನನಗೇ ಗೊತ್ತಾಗ್ಲಿಲ್ಲ."

ಇವಳು ಹಾಳೆಯನ್ನು ನೋಡಿದಳು. ಕಣ್ಣಿಗೆ ಈಗ ತಾನೇ ಹಾಕಿಕೊಂಡ ಔಷಧದ ಹನಿ ತಣ್ಣಗಿತ್ತು. "ಕುರ್ಚಿಯನ್ನು ಸದ್ದಿಲ್ಲದೆ ಹತ್ತಿರ ತಂದುಕೊಂಡಿದ್ದು ಚೆನ್ನಾಗಿತ್ತು," ಎಂದಳು. ದನಿ ಹದವಾಗಿತ್ತು. "ನಿಮ್ಮ ಮುಖದಲ್ಲಿ ಶಾಂತಿ ಇತ್ತು. ಸುಧಾರಿಸಬೇಕಾದದ್ದು..."

"ಒಂದ್ನಿಮಿಷ ಮೇಡಂ, ಬರ್ಕೊಳ್ತೀನಿ." ಹೆಂಗಸು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ಇನ್ನು ಪರೀಕ್ಷೆ ಇಲ್ಲ ಬಿಡಿ. ಆದ್ರೆ ಸೋಮವಾರದಿಂದ ಮತ್ತೆ ವಾರ್ಡಿಗೆ ಹೋಗ್ಬೇಕಲ್ಲ, ನರ್ಸಾಗಿ. ಅಲ್ಲೂ ಜನಕ್ಕೆ ಹೇಳ್ಬೇಕಾಗುತ್ತೆ. ಡಾಕ್ಟ್ರು ಅರ್ಧ ಹೇಳಿ ಹೋಗಿರ್ತಾರೆ. ಇಷ್ಟು ವರ್ಷ ತಪ್ಪು ಮಾಡಿದ್ದೀನಿ ಅಂತಾಯ್ತು. ನನಗೆ ಇದನ್ನ ಯಾರೂ ಹೇಳೇ ಇರ್ಲಿಲ್ಲ. ಹೇಳಿ."

ಮೆಟ್ಟಿಲ ಕೆಳಗೆ ಪಾಸಾದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗುತ್ತಿದ್ದರು. ಇವಳು ಅವರ ಸದ್ದು ಇಳಿಯುವವರೆಗೆ ಕಾದಳು.

"ಸಂಬಂಧಿಕರ ಕೈಯಲ್ಲಿರುವ ವಸ್ತುವನ್ನು," ಎಂದಳು.

"ಕೈಯಲ್ಲಿರುವ ವಸ್ತುವನ್ನು," ಹೆಂಗಸು ಬರೆದುಕೊಂಡಳು.

"ಮುಟ್ಟಬಾರದು."

"ಸ್ವಲ್ಪ ನಿಧಾನ ಮೇಡಂ. ಮುಟ್ಟ...ಬಾರದು." ಅವಳು ಆ ಸಾಲಿನ ಕೆಳಗೆ ಗೆರೆ ಎಳೆದಳು. ಸಂಜೆಯ ಬಿಸಿಲು ಕಿಟಕಿಯಿಂದ ಬರುತ್ತಿತ್ತು, ಆದರೆ ಇವಳ ನೆರಳು ಪುಸ್ತಕದ ಮೇಲೆ ಬಿದ್ದಿತ್ತು. ಹೆಂಗಸು ಕಣ್ಣು ಕಿರಿದು ಮಾಡಿ ಹಾಳೆಯ ಮೇಲೆ ಬಾಗಿದಳು. "ಆಮೇಲೆ?"

ಅವಳಿಗೆ ಅಕ್ಷರ ಕಾಣಲೆಂದು ಇವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.